ಬಾಗಿಲ ಬಳಿಯ ಪೊರಕೆ

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದಲ್ಲಿ ಹಳೆಯ ಕಾಲದ ಫೋಟೋಗಳ ಬಗ್ಗೆ ಒಂದು ಸಂಜೆ ಮಾತಾಡಲು ನನ್ನನ್ನು ಒಪ್ಪಿಸಿದ್ದರು. ಐದಾರು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಪತ್ರಿಕೆ ಓದುವ ಮೇಜಿನ ಮೇಲೆ ಹರಡಿಟ್ಟಿದ್ದೆ. ಜನ ಸೇರುವ ಮೊದಲು ಕೋಣೆ ಗುಡಿಸಲು ಬಂದ ಅಕ್ಕ ಒಂದು ಚಿತ್ರದ ಎದುರು ನಿಂತರು. ಕೈಯಲ್ಲಿ ಹಿಡಿಸೂಡಿ ಹಾಗೇ ಇತ್ತು. ತುಸು ಹೊತ್ತು ನೋಡಿ ಕೇಳಿದರು: "ಮಾಸ್ಟ್ರೇ, ಇದು ಗುಡಿಸಿ ಆದ ಮೇಲೆ ತೆಗೆದದ್ದಾ, ಇನ್ನು ಗುಡಿಸ್ಲಿಕ್ಕೆ ಉಂಟಾ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಚಿತ್ರದ ಬಗ್ಗೆ ಹೇಳಬೇಕೆಂದು ನಾನು ಬರೆದುಕೊಂಡು ಬಂದದ್ದು ಬೆಳಕು, ನೆರಳು, ಡಚ್ ವರ್ಣಚಿತ್ರಗಳ ಪ್ರಭಾವ ಇಂಥವೇ. ಅಂದು ಅದನ್ನೇ ಹೇಳಿದೆ, ಜನ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಗುಡಿಸಿ ಆಯಿತೋ ಇಲ್ಲವೋ ಎಂಬ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಈ ಬರಹ ಅದರ ಬೆನ್ನು ಹಿಡಿದು ಹೋದದ್ದು.

ಚಿತ್ರ ಇದು. ಕಲ್ಲಿನ ಗೋಡೆ, ಮರದ ಬಾಗಿಲು, ಬಾಗಿಲು ಅರೆ ತೆರೆದಿದೆ. ಒಳಗೆ ಕತ್ತಲೆ, ಆ ಕತ್ತಲೆಯ ಹಿಂದೆ ಒಂದು ಕಿಟಕಿ ಮಸುಕಾಗಿ ಕಾಣುತ್ತದೆ. ಬಾಗಿಲ ಪಕ್ಕದಲ್ಲಿ ಒಂದು ಲಾಟೀನು ತೂಗುತ್ತಿದೆ. ಕುದುರೆಯ ಕಡಿವಾಣ ಒಂದು ಕಡೆ ನೇತುಬಿದ್ದಿದೆ. ಹೊಸ್ತಿಲ ಹತ್ತಿರ, ಉದ್ದ ಕೋಲಿಗೆ ಕಡ್ಡಿಗಳ ಕಟ್ಟು ಬಿಗಿದ ಪೊರಕೆಯೊಂದು ಓರೆಯಾಗಿ ಒರಗಿದೆ. ಬಿಸಿಲಿನ ನೆರಳೂ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಬಿದ್ದಿದೆ. ಮನುಷ್ಯರು ಯಾರೂ ಇಲ್ಲ. ಇಷ್ಟೇ. ತೆಗೆದವನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಾಟ್, ಸ್ಥಳ ವಿಲ್ಟ್‌ಷೈರ್ ಸೀಮೆಯ ಲೇಕಾಕ್ ಎಂಬ ಹಳ್ಳಿಯಲ್ಲಿದ್ದ ಅವನ ಸ್ವಂತ ಜಮೀನು, ಕಾಲ 1844ರ ಏಪ್ರಿಲ್. ಹೆಸರು 'ತೆರೆದ ಬಾಗಿಲು'.

ಟಾಲ್ಬಾಟ್ ಸಾಮಾನ್ಯದವನಲ್ಲ. ಕಾಗದದ ಮೇಲೆ ನೆಗೆಟಿವ್ ಮಾಡಿ, ಅದರಿಂದ ಎಷ್ಟು ಬೇಕೋ ಅಷ್ಟು ಪ್ರತಿ ತೆಗೆಯುವ ದಾರಿಯನ್ನು ಲೋಕಕ್ಕೆ ಕೊಟ್ಟವನು. ಮೊನ್ನೆ ಮೊನ್ನೆಯವರೆಗೆ ನಮ್ಮ ಪೇಟೆಯ ಸ್ಟುಡಿಯೋಗಳಲ್ಲಿ "ನೆಗೆಟಿವ್ ಉಂಟು, ಇನ್ನೊಂದು ಕಾಪಿ ಬೇಕಾದ್ರೆ ಹೇಳಿ" ಅನ್ನುತ್ತಿದ್ದರಲ್ಲ, ಆ ಮಾತಿನ ಮೂಲಪುರುಷ. 1844ರಿಂದ 1846ರವರೆಗೆ ಅವನು 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕವನ್ನು ಆರು ಕಂತುಗಳಲ್ಲಿ ಹೊರತಂದ. ಅದರಲ್ಲಿ 24 ಚಿತ್ರಗಳು. ಅಚ್ಚು ಹಾಕಿದವಲ್ಲ, ಬಿಸಿಲಿನಲ್ಲಿ ಮೂಡಿಸಿದ ನಿಜವಾದ ಫೋಟೋಗಳನ್ನೇ ಒಂದೊಂದಾಗಿ ಪುಟಕ್ಕೆ ಅಂಟಿಸಿದ್ದು. ನಮ್ಮ ಪೊರಕೆಯ ಚಿತ್ರ ಅದರಲ್ಲಿ ಆರನೆಯದು. ಇದೇ ಬಾಗಿಲನ್ನು ಅವನು ಮೂರ್ನಾಲ್ಕು ವರ್ಷ ಮತ್ತೆ ಮತ್ತೆ ತೆಗೆದು ನೋಡಿದ್ದ. ಅಂಥ ಹಿಂದಿನ ಒಂದು ಪ್ರತಿಯನ್ನು ಅವನ ತಾಯಿ ಲೇಡಿ ಎಲಿಜಬೆತ್ 'ಪೊರಕೆಯ ಸ್ವಗತ' ಎಂದು ಕರೆದಿದ್ದಳು. ನಾಟಕದಲ್ಲಿ ಪಾತ್ರ ಒಂಟಿಯಾಗಿ ನಿಂತು ತನ್ನಷ್ಟಕ್ಕೆ ಮಾತಾಡುತ್ತದಲ್ಲ, ಅದು. ಆ ತಾಯಿಗೆ ಪೊರಕೆ ಏನೋ ಹೇಳುತ್ತಿದೆ ಎಂದು ಕೇಳಿಸಿತ್ತು.

ಏನು ಹೇಳುತ್ತಿದೆ? ಆ ಅಕ್ಕನ ಪ್ರಶ್ನೆಯ ಮೇಲೆ ನನಗೆ ನೆನಪಾದದ್ದು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ. ಕನ್ನಡ ಬೈಬಲಿನಲ್ಲಿ 'ಸಾಮ್ಯ' ಎನ್ನುತ್ತಾರೆ, ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುವ ಕತೆ. ಯೇಸು ಹೇಳಿದ ಸಾಮ್ಯಗಳಲ್ಲಿ ಬಹಳಷ್ಟು ನಮ್ಮ ಅಂಗಳ ಗದ್ದೆಯ ಸಾಮಾನುಗಳೇ: ಬಿತ್ತುವವನು, ಕಳೆ, ಕುರಿ, ಹುಳಿಹಿಟ್ಟು, ತೋಟಕ್ಕೆ ಬಂದ ಕೂಲಿಯಾಳುಗಳು. ಲೂಕನ ಆ ಅಧ್ಯಾಯದಲ್ಲಿ ಕಳೆದುಹೋದುದರ ಮೂರು ಕತೆಗಳಿವೆ. ಮೊದಲು ಕುರಿ, ಕೊನೆಗೆ ಮಗ, ನಡುವೆ ಒಂದು ನಾಣ್ಯ. ಹೆಂಗಸೊಬ್ಬಳ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಾಣೆಯಾಗುತ್ತದೆ. ಅವಳು ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಹುಡುಕುತ್ತಾಳೆ, ಸಿಕ್ಕಿದ ಮೇಲೆ ನೆರೆಕರೆಯವರನ್ನು ಕರೆದು ಸಂತೋಷಪಡುತ್ತಾಳೆ. ಮೂರು ಕತೆಗಳಲ್ಲಿ ತೀರಾ ಚಿಕ್ಕದು ಇದು. ಆದ್ದರಿಂದಲೋ ಏನೋ, ದೊಡ್ಡ ಚಿತ್ರಕಾರರು ಮಗನ ಕತೆಯ ಹಿಂದೆ ಬಿದ್ದಷ್ಟು ಇದರ ಹಿಂದೆ ಬೀಳಲಿಲ್ಲ. ಮಗನ ಕತೆಯಲ್ಲಿ ಅಪ್ಪ, ಅಳು, ಅಪ್ಪುಗೆ ಎಲ್ಲ ಉಂಟು. ಇಲ್ಲಿ ಇರುವುದು ದೀಪ, ಪೊರಕೆ, ಕತ್ತಲೆ ಮನೆ.

ಟಾಲ್ಬಾಟನ ಚಿತ್ರದಲ್ಲಿಯೂ ಇರುವುದು ಅವೇ ಮೂರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಟಾಲ್ಬಾಟ್ ಈ ಚಿತ್ರದ ಜೊತೆ ಬರೆದ ಟಿಪ್ಪಣಿಯಲ್ಲಿ ಸಾಮ್ಯದ ಸುದ್ದಿ ಎತ್ತಿಲ್ಲ. ದಿನನಿತ್ಯದ ವಸ್ತುಗಳನ್ನು ಬರೆಯುವುದಕ್ಕೆ ಡಚ್ ಚಿತ್ರಕಾರರ ಆಧಾರವಿದೆ, ಬೇರೆಯವರು ಗಮನಿಸದೆ ದಾಟಿಹೋಗುವ ಕಡೆ ಚಿತ್ರಕಾರನ ಕಣ್ಣು ನಿಲ್ಲುತ್ತದೆ ಎಂಬಷ್ಟೇ ಅರ್ಥದ ಮಾತು ಅಲ್ಲಿರುವುದು. ಇದನ್ನು ನಾಣ್ಯದ ಸಾಮ್ಯವಾಗಿ ಓದುವುದು ನನ್ನ ಓದು, ತಪ್ಪಿದ್ದರೆ ನನ್ನದೇ ತಪ್ಪು. ಹಾಗಿದ್ದೂ ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಯಾಕೆಂದರೆ ಅದೇ ಕಾಲದಲ್ಲಿ, ಬೇಕೆಂದೇ ನೀತಿಕತೆಯನ್ನೂ ಸಾಮ್ಯವನ್ನೂ ಫೋಟೋದಲ್ಲಿ ಹೇಳಹೊರಟವರಿದ್ದರು. ಅವರು ಎಡವಿದ್ದೆಲ್ಲಿ ಎಂದು ನೋಡಿದರೆ ಈ ಪೊರಕೆಯ ಬೆಲೆ ತಿಳಿಯುತ್ತದೆ.

ಮೊದಲನೆಯವನು ಆಸ್ಕರ್ ರೇಲಾಂಡರ್, ಸ್ವೀಡನ್ನಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆ ನಿಂತವನು. 1857ರಲ್ಲಿ ಅವನು 'ಬದುಕಿನ ಎರಡು ದಾರಿಗಳು' ಎಂಬ ಚಿತ್ರ ಮಾಡಿದ. ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದಕ್ಕೊಂದು ಜೋಡಿಸಿ ತೆಗೆದ ಒಂದೇ ದೊಡ್ಡ ಪ್ರಿಂಟು. ನಡುವೆ ಹಿರಿಯನೊಬ್ಬ, ಅವನ ಎರಡು ಪಕ್ಕ ಇಬ್ಬರು ತರುಣರು. ಒಬ್ಬ ಪ್ರಾರ್ಥನೆ, ದುಡಿಮೆಯ ಕಡೆಗೆ ಹೊರಟಿದ್ದಾನೆ, ಇನ್ನೊಬ್ಬನಿಗೆ ಜೂಜು, ಮದ್ಯ, ಬೆತ್ತಲೆ ಹೆಂಗಸರ ಸೆಳೆತ. ದುಂದುಗಾರ ಮಗನ ಸಾಮ್ಯವನ್ನು ಬಲ್ಲವರಿಗೆ ಇದು ಎಲ್ಲಿಯ ನೆಂಟ ಎಂದು ಹೇಳಬೇಕಾಗಿಲ್ಲ. ಮ್ಯಾಂಚೆಸ್ಟರಿನ ದೊಡ್ಡ ಪ್ರದರ್ಶನದಲ್ಲಿ ಅದನ್ನಿಟ್ಟರು, ವಿಕ್ಟೋರಿಯಾ ರಾಣಿ ಹತ್ತು ಗಿನಿ ಕೊಟ್ಟು ಒಂದು ಪ್ರತಿ ಕೊಂಡಳು. ಸ್ಕಾಟ್ಲೆಂಡಿನ ಛಾಯಾಚಿತ್ರ ಸಂಘದವರು ಬೆತ್ತಲೆಯ ಕಾರಣಕ್ಕೆ ಗೋಡೆಗೆ ಹಾಕಲು ಒಪ್ಪಲಿಲ್ಲ. ಗಲಾಟೆ ಎಲ್ಲ ಬೆತ್ತಲೆಯ ಬಗ್ಗೆಯೇ ಆಯ್ತು.

ನನ್ನ ತಕರಾರು ಬೇರೆ. ಬೈಬಲಿನ ಆ ಕತೆ ಒಂದು ಕೃಷಿಕ ಮನೆಯ ಕತೆ. ಆಸ್ತಿ ಪಾಲು ಕೇಳಿದ ಕಿರಿಯ ಮಗ, ಪರದೇಶದಲ್ಲಿ ಬರ ಬಂದಾಗ ಹಂದಿ ಮೇಯಿಸಲು ಹೋಗುತ್ತಾನೆ. ಹಂದಿ ತಿನ್ನುವ ಕಾಯಿಯನ್ನಾದರೂ ತಿನ್ನುವ ಅನ್ನಿಸುವಷ್ಟು ಹಸಿವು. ಹಿಂದೆ ಬಂದಾಗ ಅಪ್ಪ ಕೊಬ್ಬಿದ ಕರು ಕೊಯ್ಯಿಸುತ್ತಾನೆ. ಹಿರಿಯ ಮಗ ಹೊಲದಿಂದ ಬರುವಾಗ ಹಾಡು ಕುಣಿತ ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಮನೆ ಬಿಡದೆ ದುಡಿದವನ ಆ ಸಿಟ್ಟು ಇಲ್ಲಿ ಕುಳಿತಿರುವ ಎಷ್ಟೋ ಜನರಿಗೆ ಗೊತ್ತಿರುವುದೇ. ರೇಲಾಂಡರನ ಚಿತ್ರದಲ್ಲಿ ಹಂದಿ ಇಲ್ಲ, ಕರು ಇಲ್ಲ, ಹೊಲದಿಂದ ಬಂದವನ ಕಾಲಿನ ಕೆಸರಿಲ್ಲ. ಕಂಬ, ಪರದೆ, ಮೈ ಬಳುಕಿಸಿ ನಿಂತವರು. ಪಾಪಕ್ಕೆ ಒಂದು ವೇಷ, ಪುಣ್ಯಕ್ಕೆ ಒಂದು ವೇಷ. ಬಯಲಾಟದ ರಂಗದಲ್ಲಿ ವೇಷ ಚಂದ, ಅಲ್ಲಿ ಮಾತು, ಚೆಂಡೆ, ಕುಣಿತ ಸೇರಿ ವೇಷಕ್ಕೆ ಜೀವ ಬರುತ್ತದೆ. ಅಲುಗಾಡದ, ಮಾತಾಡದ ಫೋಟೋದಲ್ಲಿ ವೇಷ ಬರೀ ಬಟ್ಟೆಯಾಗಿ ಉಳಿಯುತ್ತದೆ.

ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಕತೆ ಹಾಗಲ್ಲ. ಅವಳ ಬಗ್ಗೆ ಎರಡು ಮಾತು ಹೆಚ್ಚು ಹೇಳಲು ನನಗೆ ಆಸೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವಳು. 48ನೇ ವಯಸ್ಸಿನಲ್ಲಿ ಮಗಳು ಅಳಿಯ ಕೊಟ್ಟ ಕ್ಯಾಮೆರಾ ಹಿಡಿದು, ವೈಟ್ ದ್ವೀಪದ ತನ್ನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡಳು, ಕಲ್ಲಿದ್ದಲ ಕೋಣೆಯನ್ನು ಡಾರ್ಕ್ ರೂಮ್ ಮಾಡಿದಳು. ಮನೆಗೆಲಸದ ಹುಡುಗಿಯರನ್ನೇ ನಿಲ್ಲಿಸಿ ಮರಿಯಳ ಚಿತ್ರ, ದೇವದೂತರ ಚಿತ್ರ ತೆಗೆದಳು. ಅವರಲ್ಲಿ ಮೇರಿ ರಯಾನ್ ಎಂಬವಳು, ತಾಯಿಯ ಜೊತೆ ಭಿಕ್ಷೆ ಬೇಡುತ್ತಿದ್ದಾಗ ಕ್ಯಾಮೆರನ್ ಕಣ್ಣಿಗೆ ಬಿದ್ದು ಆ ಮನೆ ಸೇರಿದವಳು. ಮುಂದೆ ಅವಳ ಕೈ ಹಿಡಿದವರು ಹೆನ್ರಿ ಕಾಟನ್. 1904ರಲ್ಲಿ ನಮ್ಮ ದೇಶದ ಕಾಂಗ್ರೆಸ್ಸಿನ ಮುಂಬಯಿ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರಲ್ಲ, ಅವರೇ.

1864ರಲ್ಲಿ ಕ್ಯಾಮೆರನ್ ಮತ್ತಾಯನ ಸುವಾರ್ತೆಯ ಹತ್ತು ಕನ್ಯೆಯರ ಸಾಮ್ಯವನ್ನು ಜೋಡಿ ಚಿತ್ರಗಳಾಗಿ ತೆಗೆದಳು. ಒಂದರಲ್ಲಿ ಐವರು ಬುದ್ಧಿವಂತೆಯರು, ಇನ್ನೊಂದರಲ್ಲಿ ಐವರು ಬುದ್ಧಿಯಿಲ್ಲದವರು. ಮದುವಣಿಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಮಂದಿಯಲ್ಲಿ ಐವರು ಎಣ್ಣೆ ತಂದಿದ್ದರು, ಐವರು ತರಲಿಲ್ಲ ಎಂಬುದು ಕತೆ. ಚಿತ್ರದ ಕೆಳಗಿನ ಹೆಸರು ಮುಚ್ಚಿ ತೋರಿಸಿದರೆ ಯಾವುದು ಯಾವುದೆಂದು ನನಗಂತೂ ಹೇಳಲಾಗದು. ಎರಡರಲ್ಲೂ ಹೊದಿಕೆ ಹೊದ್ದ, ಮೆತ್ತಗೆ ನೋಡುವ ಹುಡುಗಿಯರೇ. ಚಿತ್ರವಾಗಿ ಇದು ಸೋಲು ಎಂದು ಮೊದಲು ಬರೆದುಕೊಂಡಿದ್ದೆ. ಆಮೇಲೆ ಹೊಡೆದುಹಾಕಿದೆ. ಬುದ್ಧಿ ಇದ್ದವರೂ ಇಲ್ಲದವರೂ ನಡುರಾತ್ರಿ ಕರೆ ಬರುವ ತನಕ ಒಂದೇ ಥರ ಇದ್ದರೆಂಬುದೇ ಆ ಸಾಮ್ಯದ ಸಂಗತಿ. ಗೋದಿಯ ನಡುವೆ ಕಳೆ ಬಿತ್ತಿದ ಇನ್ನೊಂದು ಸಾಮ್ಯದಲ್ಲಿಯೂ ಹಾಗೆಯೇ, ತೆನೆ ಬಿಡುವ ತನಕ ಯಾವುದು ಬೆಳೆ, ಯಾವುದು ಕಳೆ ಗೊತ್ತಾಗುವುದಿಲ್ಲ. ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಬೈಗುಳ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಎಳೆಯದರಲ್ಲಿ ಭತ್ತವನ್ನೇ ಕಿತ್ತು ಬಿಸಾಡಿದವರು ನಮ್ಮಲ್ಲಿದ್ದಾರೆ. ಮುಖ ನೋಡಿ ದಡ್ಡ, ಜಾಣ ಎಂದು ಮಕ್ಕಳನ್ನು ಬೆಂಚಿನಲ್ಲಿ ಬೇರೆ ಮಾಡಿ ಕೂರಿಸುವ ನಾವು ಮಾಸ್ಟ್ರುಗಳು ಈ ಜೋಡಿ ಚಿತ್ರವನ್ನು ಸ್ವಲ್ಪ ನೋಡಬೇಕು. ಆದರೂ ಒಂದು ಕೊರತೆ ಉಳಿಯುತ್ತದೆ. ಆ ಹುಡುಗಿಯರು ನಿಜವಾಗಿ ದಿನಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಹುಡುಗಿಯರು. ಚಿತ್ರದಲ್ಲಿ ಮಾತ್ರ ಅವರಿಗೆ ಆ ಕೆಲಸವಿಲ್ಲ, ಬರೀ ಮುಖ ಕೊಟ್ಟು ಕೂತಿದ್ದಾರೆ.

ಹಳ್ಳಿಯ ಬದುಕನ್ನು ಕಲೆ ಮಾಡುತ್ತೇನೆಂದು ಹೊರಟ ಹೆನ್ರಿ ಪೀಚ್ ರಾಬಿನ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ. ರೇಲಾಂಡರನ ಹಾಗೆ ಇವನೂ ನೆಗೆಟಿವ್ ಜೋಡಿಸುವವನು. 1877ರ 'ದಿನದ ಕೆಲಸ ಮುಗಿದ ಮೇಲೆ' ಎಂಬ ಚಿತ್ರದಲ್ಲಿ ಗುಡಿಸಲೊಳಗೆ ಮುದುಕನೊಬ್ಬ ಬೈಬಲು ಓದುತ್ತಿದ್ದಾನೆ, ಪಕ್ಕದಲ್ಲಿ ಮುದುಕಿ. ಆರು ನೆಗೆಟಿವ್ ಸೇರಿಸಿ ಮಾಡಿದ್ದು. ಚಂದ ಉಂಟು, ಇಲ್ಲ ಎನ್ನಲಾರೆ. ಆದರೆ ರಾಬಿನ್ಸನ್‌ಗೆ ನಿಜವಾದ ಹಳ್ಳಿಯವರು ಕ್ಯಾಮೆರಾದೆದುರು ಒದಗುವವರಲ್ಲ ಎಂಬ ಅಭಿಪ್ರಾಯವಿತ್ತು. ಅವನ ಹಳ್ಳಿ ಹುಡುಗಿಯರಲ್ಲಿ ಅನೇಕರು ಪೇಟೆಯ ಮನೆತನಸ್ಥ ಹೆಣ್ಣುಮಕ್ಕಳು, ಹಳ್ಳಿಯ ಬಟ್ಟೆ ತೊಟ್ಟವರು. ಆ ಬಟ್ಟೆ ಎಲ್ಲಿಂದ ಬಂತು? ದಾರಿಯಲ್ಲಿ ಸಿಕ್ಕ ಹಳ್ಳಿ ಹುಡುಗಿಯ ಹತ್ತಿರ, ನೀನು ಹಾಕಿಕೊಂಡ ಬಟ್ಟೆ ಕೊಡುತ್ತೀಯಾ ಎಂದು ಕೇಳುವಾಗಿನ ಮುಜುಗರವನ್ನು ಅವನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಬಟ್ಟೆ ಬೇಕು, ಬಟ್ಟೆ ತೊಟ್ಟವಳು ಬೇಡ. ನಾನು ಇದನ್ನು ಓದಿ ನಗಲಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ತಲೆಗೆ ಮುಂಡಾಸು ಸುತ್ತಿ, ರಟ್ಟಿನ ಕತ್ತಿ ಕೊಟ್ಟು, ಮೀಸೆ ಬರೆದು 'ರೈತ'ನನ್ನು ಎಷ್ಟು ವರ್ಷ ನಾನೇ ವೇದಿಕೆ ಹತ್ತಿಸಿದ್ದೇನೆ. ನಿಜವಾಗಿ ಗದ್ದೆಗಿಳಿಯುವ ಅಪ್ಪ ಅಮ್ಮಂದಿರು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು.

ಈಗ ತಿರುಗಿ ಬಾಗಿಲಿಗೆ ಬರುತ್ತೇನೆ. ಪೊರಕೆಗೆ ಯಾರೂ ಬಟ್ಟೆ ತೊಡಿಸಿಲ್ಲ. ಅದು ಪುಣ್ಯದ ವೇಷ ಹಾಕಿಲ್ಲ, ಪಶ್ಚಾತ್ತಾಪ ನಟಿಸುತ್ತಿಲ್ಲ. ಸಾಮ್ಯ ಹೇಳುವವನು ಮಾಡಿದ್ದೂ ಇದೇ ಅಲ್ಲವೆ? ಬೀಜವನ್ನು ಬೀಜವಾಗಿಯೇ ಬಿತ್ತಿಸಿದ, ಪೊರಕೆಯಿಂದ ನೆಲವನ್ನೇ ಗುಡಿಸಿಸಿದ. ಕೇಳುವವನು ಮೊದಲು ಬೀಜ ಕಾಣಬೇಕು, ಪೊರಕೆ ಕಾಣಬೇಕು, ಅದರಾಚೆ ಕಂಡರೆ ಅವನ ಭಾಗ್ಯ. ಕ್ಯಾಮೆರಾಕ್ಕೆ ಬರುವುದೂ ಇಷ್ಟೇ. ಎದುರಿಗಿರುವ ವಸ್ತುವನ್ನು ಅದು ಇರುವ ಹಾಗೆ ಹಿಡಿಯುತ್ತದೆ. ತನ್ನ ಪುಸ್ತಕದಲ್ಲಿ ಹುಲ್ಲಿನ ಬಣವೆಯ ಇನ್ನೊಂದು ಚಿತ್ರಕ್ಕೆ ಟಿಪ್ಪಣಿ ಬರೆಯುತ್ತ ಟಾಲ್ಬಾಟ್ ಇದನ್ನೇ ಹೇಳುತ್ತಾನೆ: ಯಾವ ಚಿತ್ರಕಾರನೂ ಶ್ರಮಪಟ್ಟು ಬರೆಯದ ಸಾವಿರ ಸಣ್ಣ ಸಂಗತಿಗಳು ಈ ಹೊಸ ವಿದ್ಯೆಯಲ್ಲಿ ತಾವಾಗಿಯೇ ಬಂದುಬಿಡುತ್ತವೆ ಎಂದು.

ಹಾಗಂತ ಟಾಲ್ಬಾಟನಿಗೆ ಪೂರ್ತಿ ಅಂಕ ಕೊಡಲು ನಾನು ತಯಾರಿಲ್ಲ. ಗುಡಿಸುವವರು ಎಲ್ಲಿ? ಆಗಿನ ಕಾಗದದ ನೆಗೆಟಿವ್‌ಗೆ ಬಿಸಿಲಿನಲ್ಲೂ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳೇ ಬೇಕಾಗುತ್ತಿದ್ದವು, ಮನುಷ್ಯರು ಅಲುಗಾಡಿದರೆ ಮಸುಕಾಗುತ್ತಿತ್ತು ಎಂಬುದು ಒಂದು ಉತ್ತರ. ಅರ್ಧ ಉತ್ತರ. ಅದೇ ಪುಸ್ತಕದ 'ಏಣಿ' ಎಂಬ ಚಿತ್ರದಲ್ಲಿ ಮೂರು ಮಂದಿ ಅಲುಗದೆ ನಿಂತಿದ್ದಾರೆ. ಬೇಕೆಂದರೆ ಆಗುತ್ತಿತ್ತು. ಟಾಲ್ಬಾಟ್ ಆ ಜಮೀನಿನ ಒಡೆಯ, ಪಾರ್ಲಿಮೆಂಟಿನಲ್ಲೂ ಕೂತು ಬಂದವನು. ಅವನ ಬಣವೆಗೆ ಏಣಿ ಒರಗಿದೆ, ಹತ್ತುವವನಿಲ್ಲ. ಬಾಗಿಲಿಗೆ ಪೊರಕೆ ಒರಗಿದೆ, ಹಿಡಿಯುವವಳಿಲ್ಲ. ಇದಕ್ಕೆ 14 ವರ್ಷ ಹಿಂದೆ, 1830ರಲ್ಲಿ, ಇದೇ ವಿಲ್ಟ್‌ಷೈರಿನಲ್ಲಿ ಕೂಲಿಯಾಳುಗಳು ಎದ್ದು ಒಕ್ಕುವ ಯಂತ್ರಗಳನ್ನು ಒಡೆದಿದ್ದರು. ಚಳಿಗಾಲಕ್ಕೆ ಇದ್ದ ಒಂದೇ ಕೆಲಸ ಆ ಯಂತ್ರದಿಂದ ಹೋಗುತ್ತದೆಂಬ ಸಿಟ್ಟು. ಎಷ್ಟೋ ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯದ ಕಡೆಗೆ ಗಡಿಪಾರು ಮಾಡಿದರು. ಆ ಸೀಮೆಯ ಒಂದು ಕೊಟ್ಟಿಗೆಯ ಬಾಗಿಲನ್ನು ಇಷ್ಟು ಶಾಂತವಾಗಿ, ಇಷ್ಟು ಖಾಲಿಯಾಗಿ ನೋಡುವಾಗ ನನಗೆ ಪೂರ್ತಿ ನೆಮ್ಮದಿಯಾಗುವುದಿಲ್ಲ. ಇನ್ನೊಂದು ವಿಷಯವೂ ಇದೆ. ಈ ಪುಸ್ತಕದ ಪ್ರಿಂಟುಗಳು ರೆಡಿಂಗ್ ಎಂಬ ಊರಿನ ಕಾರ್ಯಾಗಾರದಲ್ಲಿ ತಯಾರಾದವು. ಅದನ್ನು ನಡೆಸಿದವನು ನಿಕೊಲಾಸ್ ಹೆನ್ನೆಮನ್, ಮೊದಲು ಟಾಲ್ಬಾಟನ ಮನೆಯಲ್ಲಿ ಚಾಕರಿಗಿದ್ದವನು. ಕಾಗದಕ್ಕೆ ಉಪ್ಪು, ಬೆಳ್ಳಿಯ ದ್ರಾವಣ ಹಚ್ಚಿ, ಬಿಸಿಲಿಗಿಟ್ಟು, ತೊಳೆದು, ಒಣಗಿಸಿ ಸಾವಿರಗಟ್ಟಲೆ ಪ್ರಿಂಟು ಮಾಡಿದ ಕೈಗಳು ಯಾರದೆಂದು ಕೇಳಿದರೆ, ಪೊರಕೆ ಹಿಡಿದ ಕೈಗಳ ನೆಂಟರು.

ಮುಂದೆ ನಲವತ್ತು ವರ್ಷ ಕಳೆದ ಮೇಲೆ ಪೀಟರ್ ಹೆನ್ರಿ ಎಮರ್ಸನ್ ಎಂಬ ಡಾಕ್ಟರು ರಾಬಿನ್ಸನ್‌ನ ವೇಷಗಾರಿಕೆಯ ಮೇಲೆ ಯುದ್ಧವನ್ನೇ ಸಾರಿದ. ನಾರ್ಫಕ್ ಸೀಮೆಯ ಜೌಗು ಪ್ರದೇಶಕ್ಕೆ ಹೋಗಿ ಅಲ್ಲಿಯ ಹುಲ್ಲು ಕೊಯ್ಯುವವರನ್ನೂ ಜೊಂಡು ಹೊರುವವರನ್ನೂ ಅವರ ಜಾಗದಲ್ಲೇ ತೆಗೆದ. 1886ರಲ್ಲಿ 40 ಪ್ಲಾಟಿನಂ ಪ್ರಿಂಟುಗಳ ಪುಸ್ತಕ ಬಂತು. ಬಳಿಕ ಬಂದ ಇನ್ನೊಂದು ಪುಸ್ತಕದಲ್ಲಿ ಏರಿನ ಹೊಲದಲ್ಲಿ ಎರಡು ಕುದುರೆ ಕಟ್ಟಿ ಉಳುವವನ ಚಿತ್ರವಿದೆ, ನನಗೆ ಅಚ್ಚುಮೆಚ್ಚು. ಅದಕ್ಕೆ ಅವನಿಟ್ಟ ಹೆಸರಿನ ಅರ್ಥ 'ಬಿಗಿಯಾದ ಎಳೆತ' ಎಂದಷ್ಟೇ. ಎಮರ್ಸನ್ ಗುರುವೆಂದು ಗೌರವಿಸಿದ್ದು ಫ್ರಾನ್ಸಿನ ಚಿತ್ರಕಾರ ಮಿಲೆಯನ್ನು. ರೈತರ ಮನೆಯಲ್ಲಿ ಹುಟ್ಟಿದ ಮಿಲೆ 1850ರಲ್ಲಿ 'ಬಿತ್ತುವವನು' ಎಂಬ ಚಿತ್ರ ಬರೆದಿದ್ದ. ಬೈಬಲು ಬಲ್ಲವರು ಅದರಲ್ಲಿ ಸಾಮ್ಯ ಕಾಣುತ್ತಾರೆ, ಬಲ್ಲದವರು ಇಳಿಜಾರಿನಲ್ಲಿ ದಾಪುಗಾಲು ಹಾಕುವ ಬಡ ರೈತನನ್ನು ಕಾಣುತ್ತಾರೆ, ಯಾರಿಗೂ ನಷ್ಟವಿಲ್ಲ. ಎಮರ್ಸನ್‌ನ ಉಳುವವನೂ ಅಂಥವನೇ. ಬೆನ್ನು, ಕುದುರೆಯ ಕುತ್ತಿಗೆ, ಮಣ್ಣು ಮೂರೂ ಒಂದೇ ಕಡೆಗೆ ವಾಲಿವೆ. ಆ ವಾಲುವಿಕೆಯನ್ನು ಸ್ಟುಡಿಯೋದಲ್ಲಿ ಹೇಳಿಕೊಟ್ಟು ಮಾಡಿಸಲಿಕ್ಕಾಗದು. ಉಳುವವನ ಹೆಸರು ಶೀರ್ಷಿಕೆಯಲ್ಲಿ ಇಲ್ಲ ಎಂಬುದು ಮಾತ್ರ ಇಲ್ಲೂ ಹಾಗೇ ಉಳಿಯಿತು.

ಮೊನ್ನೆ ಆ ಅಕ್ಕ ಮತ್ತೆ ಸಿಕ್ಕಾಗ ಸಾಮ್ಯವನ್ನು ಹೇಳಿದೆ. ಹತ್ತು ನಾಣ್ಯ, ಒಂದು ಕಾಣೆ, ದೀಪ, ಪೊರಕೆ. ಹಗಲಲ್ಲಿ ದೀಪ ಯಾಕೆ ಎಂದು ಕೇಳಿದರು. ಆ ದೇಶದ ಬಡವರ ಮನೆಗಳಿಗೆ ಸರಿಯಾದ ಕಿಟಕಿ ಇರುತ್ತಿರಲಿಲ್ಲ, ಒಳಗೆ ಹಗಲೂ ಕತ್ತಲೆ ಎಂದೆ. ಚಿತ್ರವನ್ನು ಇನ್ನೊಮ್ಮೆ ತರಿಸಿ ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಹಾಗಾದ್ರೆ ಗುಡಿಸಿ ಆಗ್ಲಿಲ್ಲ ಮಾಸ್ಟ್ರೇ" ಅಂದರು. "ಸಿಕ್ಕಿದ್ರೆ ಅವಳು ನೆರೆಮನೆಯವ್ರನ್ನು ಕರೀತಿದ್ಳಲ್ಲಾ. ಇಲ್ಲಿ ಯಾರೂ ಬರ್ಲಿಲ್ಲ."

ಚಿತ್ರ ಮೇಜಿನ ಮೇಲಿಟ್ಟು ಒಳಗಿನ ಕೋಣೆ ಗುಡಿಸಲು ಹೋದರು.